ಆರ್ಜೀಲಿಯಾ ಗುಡಿಸಿದ ಅಂಗಳ

ಲೂವೀನಿಯಾ ಮದುವೆಯಾಗಿ ಆ ಊರಿಗೆ ಬಂದು ಎಂಟು ದಿನವಾಗಿತ್ತು. ಮಾರ್ಚ್ ತಿಂಗಳ ಶನಿವಾರ. ಬೆಳಿಗ್ಗೆ ಮಳೆ ಹನಿಸಿ, ಮಧ್ಯಾಹ್ನಕ್ಕೆ ಬೆನ್ನು ಸುಡುವ ಬಿಸಿಲು ಬಿದ್ದು, ಸಂಜೆಯ ಹೊತ್ತಿಗೆ ಮತ್ತೆ ಚಳಿಗಾಳಿ ಎದ್ದಿತ್ತು. ಎದುರು ಮನೆಯವರ ಗುರುತು ಮಾಡಿಕೊಳ್ಳೋಣವೆಂದು ಅವಳು ತಾನೇ ಮಾಡಿದ ಗೆಣಸಿನ ಪೈ ಹಿಡಿದು ಹೊರಟಳು. ರಸ್ತೆ ದಾಟಿ, ಜಗಲಿಯ ಕಡೆಗೆ ನೆಟ್ಟಗೆ ಅಂಗಳದ ನಡುವೆಯೇ ನಡೆದಳು.

ಜಗಲಿಯಿಂದ ಒಂದು ದನಿ ಬಂತು. "ಅಲ್ಲೇ ನಿಲ್ಲು. ಹಿಂದೆ ತಿರುಗಿ ನೋಡು."

ಅವಳು ತಿರುಗಿ ನೋಡಿದಳು. ಆಗಷ್ಟೇ ಬಾಚಿದ ತಲೆಯಂತೆ ಅಂಗಳದ ತುಂಬ ಪೊರಕೆಯ ಗೆರೆ. ಬೀಸಣಿಗೆ ಬಿಚ್ಚಿಟ್ಟ ಹಾಗೆ ಸಾಲಿಗೆ ಸಾಲು. ನಡುವೆ ಅವಳ ಬೂಟಿನ ಗುರುತು, ಒಟ್ಟು ಹತ್ತೊಂಬತ್ತು. ಒಂದು ಹುಲ್ಲುಕಡ್ಡಿ ಇಲ್ಲ, ಒಂದು ತರಗೆಲೆ ಇಲ್ಲ.

ಮೂವತ್ತೊಂದು ವರ್ಷದ ಎತ್ತರದ ಹೆಂಗಸು ಮೆಟ್ಟಿಲಿಳಿದು ಬಂದು, ಪೈ ಕಿತ್ತುಕೊಂಡು, ಪೊರಕೆ ಕೈಗಿಟ್ಟಳು. ಆಕೆಯೇ ಆರ್ಜೀಲಿಯಾ. ಲೂವೀನಿಯಾ ರಸ್ತೆಯಂಚಿಗೆ ಹೋಗಿ, ಹಿಂದಕ್ಕೆ ಹೆಜ್ಜೆ ಇಡುತ್ತ, ತನ್ನ ಗುರುತು ಅಳಿಸುತ್ತ ಗುಡಿಸಿದಳು. ಕೆಲಸವೇನೋ ಚೊಕ್ಕವಾಗಿಯೇ ಆಯಿತು. ಆದರೆ ಮುಗಿದಾಗ ಅವಳು ಜಗಲಿಯ ಮೆಟ್ಟಿಲ ಮೇಲಿದ್ದಳು. ಅವಳ ಮನೆ ರಸ್ತೆಯ ಆಚೆಗಿತ್ತು.

"ಈಗ ನಿಮ್ಮನೆಗೆ ಹೆಂಗೆ ಹೋಗ್ತೀಯಾ, ಹುಡುಗಿ?" ಎಂದಳು ಆರ್ಜೀಲಿಯಾ.

ಲೂವೀನಿಯಾ ಪೊರಕೆ ಒರಗಿಸಿಟ್ಟು ಜಗಲಿಯ ಅಂಚಿನಲ್ಲಿ ಕೂತಳು. ಆರ್ಜೀಲಿಯಾ ಪೈ ಕತ್ತರಿಸಿ, ಜಾಯಿಕಾಯಿ ಜಾಸ್ತಿಯಾಗಿದೆ ಎಂದು ಬೈಯುತ್ತ ಒಂದು ತುಂಡು ತಿಂದಳು. ಅಂಚು ಸೀದಿದೆ ಎಂದು ಬೈಯುತ್ತ ಇನ್ನೊಂದು ತಿಂದಳು. ಆಮೇಲೆ ಅಡುಗೆಮನೆಯ ಹಿಂಬಾಗಿಲು ತೆಗೆದು, ಹೊಲದಂಚಿನ ಕಾಲುದಾರಿ ತೋರಿಸಿದಳು.

ಜಾರ್ಜಿಯಾದ ಆ ಸೀಮೆಯಲ್ಲಿ ಆಗ ಕರಿಯರ ಮನೆಗಳ ಅಂಗಳವೆಲ್ಲ ಹೀಗೇ ಇರುತ್ತಿತ್ತು. ಅಂಗಳದಲ್ಲಿ ಹುಲ್ಲು ಎದ್ದಿತೆಂದರೆ ಆ ಮನೆಯ ಹೆಂಗಸು ಹಾಸಿಗೆ ಹಿಡಿದಿದ್ದಾಳೆ, ಇಲ್ಲವೇ ಸೋಮಾರಿ ಎಂದು ಲೆಕ್ಕ. ಚಳಿಗಾಲದಲ್ಲಿ ಡಾಗ್‌ವುಡ್ ಗಿಡದ ಕಡ್ಡಿ ಕಡಿದು ಒಣಗಿಸಿ ಪೊರಕೆ ಕಟ್ಟಿಡಬೇಕು. ಶನಿವಾರ ಮಧ್ಯಾಹ್ನ ಗುಡಿಸಬೇಕು. ಆ ಗೆರೆಯ ಮೇಲೆ ಬೀಳುವ ಮೊದಲ ಹೆಜ್ಜೆ ಭಾನುವಾರ ಚರ್ಚಿಗೆ ಹೊರಟವರದ್ದೇ ಆಗಿರಬೇಕು.

ಉಳಿದವರಿಗೆ ಅದು ರೂಢಿ. ಆರ್ಜೀಲಿಯಾಳಿಗೆ ಮಾತ್ರ ಅದು ಕಾವಲು. ಹಾವು ಹರಿದಿದ್ದೆಲ್ಲಿ, ಯಾರ ನಾಯಿ ಬಂದಿತ್ತು, ಎಲ್ಲವನ್ನೂ ಆಕೆ ಬೆಳಿಗ್ಗೆ ಎದ್ದು ನೆಲ ನೋಡಿ ಹೇಳುತ್ತಿದ್ದಳು. ಒಮ್ಮೆ ಮಾಂಸಕ್ಕೆ ಹೊಗೆ ಹಾಕುವ ಕೊಟ್ಟಿಗೆಯಲ್ಲಿ ತೂಗುಹಾಕಿದ್ದ ಹಂದಿತೊಡೆ ಮಾಯವಾಯಿತು. ಅಂಗಳದಲ್ಲಿ ಬಲಗಾಲ ಹಿಮ್ಮಡಿ ಸವೆದ ಬೂಟಿನ ಗುರುತಿತ್ತು. ಆಕೆ ಭಾನುವಾರ ಚರ್ಚಿನ ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಗಂಡಸರ ಕಾಲನ್ನೇ ನೋಡುತ್ತಿದ್ದಳು. ಕಾಣಿಕೆ ತಟ್ಟೆ ಹಿಡಿಯುವ ಹಿರಿಯ ಆ ದಿನ ಹೊಸಲಿನವರೆಗೂ ಬಂದು, ಹೊಟ್ಟೆನೋವೆಂದು ಹೇಳಿ ಮನೆಗೆ ಹೋದ. ಮಂಗಳವಾರ ಅರ್ಧ ತೊಡೆ ಜಗಲಿಗೆ ಬಂದು ಕೂತಿತ್ತು. ಉಳಿದರ್ಧ ಎಲ್ಲಿ ಎಂದು ಆತ ಸಾಯುವವರೆಗೂ ಆಕೆ ಕೇಳಿದಳು.

ಆಕೆಯ ಸಿಟ್ಟಿಗೆ ಬಿಡುವಿರಲಿಲ್ಲ. ಇನ್ನೊಬ್ಬರ ಮನೆಯ ಬಟ್ಟೆ ಒಗೆದು ಇಸ್ತ್ರಿ ಮಾಡಿ ಬದುಕಿದವಳು. ಗಂಡ ಮರ ಕೊಯ್ಯುವ ಕಾರ್ಖಾನೆಯಲ್ಲಿ ಸತ್ತ. ಮಕ್ಕಳಿಲ್ಲ. ತಾಯಿಯಿಲ್ಲದ ಅಣ್ಣನ ಮಗ ಲೆಮ್ಯುಯೆಲ್‌ನನ್ನು ಹತ್ತು ತಿಂಗಳ ಕೂಸಿನಿಂದ ಸಾಕಿದಳು. ಒಗೆದ ಬಟ್ಟೆ ಹರವಿದ ಮೇಲೆ ಬಂದ ಮಳೆಗೂ, ಅದು ಒದ್ದೆಯಾದ ಮೇಲೆ ಬಂದ ಬಿಸಿಲಿಗೂ ಸಮನಾಗಿ ಬೈಯುತ್ತಿದ್ದಳು. ಲೂವೀನಿಯಾ ಗಂಡನನ್ನು ಕಳಕೊಂಡಾಗ ಒಂದು ತಿಂಗಳು ದಿನಾ ಗಂಜಿ ತಂದುಕೊಟ್ಟಳು. ತಿನ್ನುವುದಿಲ್ಲವೆಂದು ದಿನಾ ಬೈದಳು.

ಹೀಗೆ ನಲವತ್ತೈದು ವರ್ಷ ಕಳೆಯಿತು. ಎಪ್ಪತ್ತಾರನೆಯ ವಯಸ್ಸಿನಲ್ಲಿ, ಫೆಬ್ರವರಿ ತಿಂಗಳ ಒಂದು ಬೆಳಿಗ್ಗೆ, ಹಿಮ ಕಟ್ಟಿದ್ದ ಮೆಟ್ಟಿಲಲ್ಲಿ ಜಾರಿ ಆರ್ಜೀಲಿಯಾಳ ಸೊಂಟ ಮುರಿಯಿತು. ಲೆಮ್ಯುಯೆಲ್ ಮೇಕನ್ ಪಟ್ಟಣದ ತನ್ನ ಮನೆಗೆ ಕರೆದುಕೊಂಡು ಹೋದ. ಕಾರಿನಲ್ಲಿ ಮಲಗಿಸುವಾಗ ಆಕೆ ಲೂವೀನಿಯಾಳನ್ನು ಕರೆದು ಹೇಳಿದ್ದು ಒಂದೇ ಮಾತು, ಶನಿವಾರ ತಪ್ಪಬಾರದು ಎಂದು.

ಏಳು ಶನಿವಾರ ತಪ್ಪಲಿಲ್ಲ. ಎಂಟನೆಯ ಶನಿವಾರ ಲೂವೀನಿಯಾ ಪೊರಕೆ ಹಿಡಿದು ಬಂದರೆ, ಲೆಮ್ಯುಯೆಲ್ ಒಂದು ಲಾರಿ, ಮೂವರು ಆಳು ಮತ್ತು ಮಣ್ಣು ಅಗೆಯುವ ಯಂತ್ರ ತಂದು ನಿಂತಿದ್ದ. ಲಾರಿಯಲ್ಲಿ ಚಾಪೆಯ ಹಾಗೆ ಸುತ್ತಿಟ್ಟ ಹಸಿರು ಹುಲ್ಲು. ಅತ್ತೆ ಇನ್ನು ಗುಡಿಸುವ ಹಾಗಿಲ್ಲ, ಬಿದ್ದರೂ ಮೆತ್ತಗಿರುತ್ತದೆ, ಈಸ್ಟರ್ ಹೊತ್ತಿಗೆ ನೋಡಿ ಖುಷಿಪಡುತ್ತಾರೆ ಎಂದ.

"ಅವರನ್ನ ಕೇಳಿದ್ಯಾ?"

"ಕೇಳಿದ್ರೆ ಬೇಡ ಅಂತಾರೆ, ಚಿಕ್ಕಮ್ಮ. ಇನ್ನೂ ಎಷ್ಟು ದಿನ ಬರೀ ಮಣ್ಣು? ನೋಡಿದೋರು ಗತಿಯಿಲ್ಲದೋರ ಮನೆ ಅಂದ್ಕೋತಾರೆ."

ಲೂವೀನಿಯಾ ಜಗಳಕ್ಕೆ ಬಾಯಿ ತೆರೆದಳು. ಆದರೆ ಅಷ್ಟರಲ್ಲಿ ಆಲಿಕಲ್ಲು ಸುರಿಯತೊಡಗಿತು. ಆಳುಗಳು ತಲೆಯ ಮೇಲೆ ಗೋಣಿ ಹಾಕಿಕೊಂಡು ರಸ್ತೆ ದಾಟಿ ಅವಳ ಜಗಲಿಗೇ ಓಡಿದರು. ಅಂಗಳದ ಕೆಲಸಕ್ಕೆ ಬಂದವರಿಗೆ ಊಟ ಹಾಕುವುದು ಅಲ್ಲಿಯ ನಡವಳಿಕೆ. ಅವಳು ಯೋಚಿಸದೆ ಮೀನು ಕರಿದಳು, ಜೋಳದ ರೊಟ್ಟಿ ಕೊಟ್ಟಳು. ಕೈಯಾರೆ ಉಣಿಸಿದವರನ್ನು ಅಟ್ಟುವುದುಂಟೇ? ಬಿಸಿಲು ಬಂತು. ಅವರು ಬಾಯೊರೆಸಿಕೊಂಡು, ಉಪಕಾರ ನೆನೆದು, ಹೋಗಿ ಯಂತ್ರ ಹೂಡಿದರು. ಅರವತ್ತು ವರ್ಷದ ಪೊರಕೆಗೆ, ಕಾಲ್ತುಳಿತಕ್ಕೆ ಕಲ್ಲಾಗಿದ್ದ ನೆಲ ಒಂದು ಗಂಟೆಯಲ್ಲಿ ಹುಡಿಯಾಯಿತು. ಮೊದಲು ಜಗಳ ಮಾಡಿ ಆಮೇಲೆ ಅನ್ನ ಹಾಕಬೇಕಿತ್ತು ಎಂದು ಲೂವೀನಿಯಾ ತನ್ನನ್ನು ತಾನೇ ಶಪಿಸಿಕೊಂಡಳು.

ಈಸ್ಟರಿಗೆ ಮೂರು ದಿನ ಮೊದಲು ಆರ್ಜೀಲಿಯಾ ಬಂದಳು. ಕಾರು ನಿಂತಿತು, ಆಕೆ ಇಳಿಯಲಿಲ್ಲ. ಕಿಟಕಿಯಿಂದ ಹಸಿರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಕೊನೆಗೆ ಲೆಮ್ಯುಯೆಲ್‌ಗೆ, ಹಿಂಬಾಗಿಲಿಗೆ ಬಳಸಿಕೊಂಡು ಹೋಗು ಎಂದಳು. ಅವನು ಹೊರಟುಹೋದ ಮೇಲೆ ಲೂವೀನಿಯಾಳ ಕಡೆ ತಿರುಗಿದಳು.

"ಅವನಿಗೆ ಬುದ್ಧಿಯಿಲ್ಲ. ನಿನಗೆ ಬಾಯಿತ್ತಲ್ಲ?"

"ಅವ್ನು ನಿಮ್ಮ ಹುಡುಗ, ಮಿಸ್ ಆರ್ಜೀಲಿಯಾ. ನಾನು ಹೊರಗಿನೋಳು."

"ಮೀನು ಕರಿಯೋವಾಗ ಹೊರಗಿನೋಳಾಗಿರ್ಲಿಲ್ವಾ?"

ಲೂವೀನಿಯಾ ಎದ್ದು ಮನೆಗೆ ಬಂದಳು. ಇಷ್ಟು ವರ್ಷ ಬೈಸಿಕೊಂಡಿದ್ದಳು, ಆದರೆ ತಪ್ಪು ತನ್ನದೇ ಆಗಿದ್ದು ಇದೇ ಮೊದಲು. ಅದಕ್ಕೇ ಅವಳಿಗೂ ಸಿಟ್ಟು ಬಂದಿತ್ತು.

ಶನಿವಾರ ಬೆಳಿಗ್ಗೆ ಡಾಗ್‌ವುಡ್ ಹೂ ಬಿಟ್ಟಾಗ ಬರುವ ಚಳಿ ಸರಿಯಾಗಿ ಹಿಡಿದಿತ್ತು. ಜಡಿಮಳೆಯಲ್ಲಿ ಗುದ್ದಲಿಯ ಸದ್ದು. ಆರ್ಜೀಲಿಯಾ ಅಂಗಳದಲ್ಲಿ ಅಡುಗೆಮನೆಯ ಕುರ್ಚಿ ಹಾಕಿಕೊಂಡು, ಕೂತಲ್ಲಿಂದಲೇ ಕೈಗೆಟುಕಿದಷ್ಟು ಹುಲ್ಲು ಕೀಳುತ್ತಿದ್ದಳು. ಅಷ್ಟು ಮುಗಿದರೆ ಎದ್ದು, ಕುರ್ಚಿಯನ್ನು ಒಂದಡಿ ಸರಿಸಿ, ಮತ್ತೆ ಕೂರುವಳು. ಲೂವೀನಿಯಾ ತನ್ನ ಗುದ್ದಲಿ ತಂದಳು. ಇನ್ನೊಂದು ತುದಿಯಿಂದ ಅಗೆಯತೊಡಗಿದಳು. ಮಳೆ ನಿಂತು ಬಿಸಿಲು ಬಂತು, ಕೋಟು ಬಿಚ್ಚಿದರು. ಗಾಳಿ ಎದ್ದಿತು, ಮತ್ತೆ ಹಾಕಿಕೊಂಡರು. ಕತ್ತಲಾಗುವ ಮೊದಲು ಹುಲ್ಲೆಲ್ಲ ರಸ್ತೆಯಂಚಿನ ಮರದ ಬುಡದಲ್ಲಿ ಗುಡ್ಡೆಯಾಗಿತ್ತು. ಅಂಗಳ ಕೆಸರಿನ ಗದ್ದೆಯಾಗಿತ್ತು.

ಮಾರನೆಯ ದಿನ ಹಬ್ಬದ ಊಟಕ್ಕೆ ಬಂದ ಲೆಮ್ಯುಯೆಲ್ ರಸ್ತೆಯಲ್ಲೇ ನಿಂತುಬಿಟ್ಟ. "ನಿಮ್ಮ ಒಳ್ಳೇದಕ್ಕೆ ತಾನೇ ಮಾಡಿದ್ದು, ಅತ್ತೆ?" ಎಂದ.

"ಒಳ್ಳೇದು ಮಾಡೋನು ಕೇಳಿ ಮಾಡ್ಬೇಕು," ಎಂದಳು ಆರ್ಜೀಲಿಯಾ. "ಈ ನೆಲದ ಮೇಲೆ ನಿನ್ನ ಕೈಹಿಡಿದು ನಡೆಸಿದ್ದೆ. ಅದು ನಿನಗೆ ನಾಚಿಕೆ ಆಯ್ತಾ?"

ಅವನು ಕೋಟು ಬಿಚ್ಚಿಟ್ಟು, ಹಬ್ಬದ ಬಟ್ಟೆಯಲ್ಲೇ ಹುಲ್ಲನ್ನೆಲ್ಲ ಕಾರಿಗೆ ತುಂಬಿ, ಹಳ್ಳದ ದಂಡೆಗೆ ಮೂರು ಸಲ ಸಾಗಿಸಿದ. ಊಟಕ್ಕೆ ಕರೆದದ್ದು ಅದೆಲ್ಲ ಮುಗಿದ ಮೇಲೆ.

ಆದರೆ ನೆಲ ಹಾಳಾಗಿತ್ತು. ಪೊರಕೆ ಇಟ್ಟರೆ ಗೆರೆ ಮೂಡುತ್ತಿರಲಿಲ್ಲ, ಮಣ್ಣು ಉಂಡೆಯಾಗಿ ಎದ್ದುಬರುತ್ತಿತ್ತು. ಇದು ನಮ್ಮ ಕಾಲಕ್ಕೆ ಗಟ್ಟಿಯಾಗುವುದಿಲ್ಲ ಎಂದಳು ಲೂವೀನಿಯಾ. ಮಳೆ ಬಡಿಯಲಿ, ಬಿಸಿಲು ಸುಡಲಿ, ನಾವು ತುಳಿಯೋಣ, ನೀನು ಗುಡಿಸು ಎಂದಳು ಆರ್ಜೀಲಿಯಾ. ಅದುವರೆಗೆ ಹವೆಗೆ ಬೈಯುತ್ತಿದ್ದವಳು ಅಂದಿನಿಂದ ಮಳೆ ಬಂದರೆ ಸಾಲದೆಂದು ಬೈದಳು, ಬಿಸಿಲು ಬಂದರೆ ತಡವಾಯಿತೆಂದು ಬೈದಳು. ದಿನಕ್ಕೆ ಎರಡು ಸಲ ಕೋಲೂರಿಕೊಂಡು, ಕುಂಟುತ್ತ ಅಂಗಳದ ಉದ್ದಗಲಕ್ಕೂ ತುಳಿದಳು. ಚಳಿಗಾಲ ಬರುವ ಹೊತ್ತಿಗೆ ಜಗಲಿಯ ಮುಂದೆ ಎರಡು ಮಾರಿನಷ್ಟು ಜಾಗ ಗಟ್ಟಿಯಾಗಿತ್ತು. ಆಮೇಲೆ ಆಕೆಗೆ ಎದ್ದು ನಡೆಯಲಾಗಲಿಲ್ಲ, ತುಳಿಯುವ ಕೆಲಸವೂ ಲೂವೀನಿಯಾಳದ್ದಾಯಿತು.

ಮರುವರ್ಷದ ಮಾರ್ಚ್, ಡಾಗ್‌ವುಡ್ ಇನ್ನೂ ಮೊಗ್ಗು. ಆರ್ಜೀಲಿಯಾಳ ಮಂಚ ಮುಂದಿನ ಕೋಣೆಯ ಕಿಟಕಿಯ ಬಳಿಯಿತ್ತು. ಕಣ್ಣಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಲೂವೀನಿಯಾ ರಸ್ತೆಯಂಚಿನಿಂದ ಹಿಡಿದು ಗುಡಿಸಿದಳು. ಅಂಗಳದ ಮುಕ್ಕಾಲು ಪಾಲಿನಲ್ಲಿ ಗೆರೆ ನಿಂತಿತು. ಮೂಲೆಯಲ್ಲಿ ಮಾತ್ರ ಮಣ್ಣು ಇನ್ನೂ ಸಡಿಲವಿತ್ತು. ಹಿಂದಕ್ಕೆ ಹಿಂದಕ್ಕೆ ಬಂದು, ಕೊನೆಯ ಹೆಜ್ಜೆ ಅಳಿಸಿ, ಮೆಟ್ಟಿಲೇರಿ, ಪೊರಕೆಯನ್ನು ಬಾಗಿಲ ಪಕ್ಕ ನಿಲ್ಲಿಸಿ ಒಳಗೆ ಬಂದಳು.

ಮೂಲೆಯಲ್ಲಿ ಹೇಗಿದೆ ಎಂದು ಆರ್ಜೀಲಿಯಾ ವಿಚಾರಿಸಿದಳು. ಲೂವೀನಿಯಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಆಕೆ ಸಿಟ್ಟಿನಿಂದ ಮೂಗಲ್ಲಿ ಉಸಿರು ಬಿಟ್ಟಳು. ಹೊರಗೆ ಮೋಡ ಕವಿದು, ಸರಿದು, ಕಿಟಕಿಯಲ್ಲಿ ಬಿಸಿಲು ಬಂತು. ಲೂವೀನಿಯಾ ಒಲೆಯ ಮೇಲೆ ಅಲಸಂದೆ ಇಟ್ಟು ಬಂದಿದ್ದಳು. ಹೋಗಿಬರುತ್ತೇನೆಂದು ಎದ್ದು, ನಲವತ್ತಾರು ವರ್ಷದ ರೂಢಿಯಂತೆ ಹಿಂಬಾಗಿಲಿನ ಕಡೆ ತಿರುಗಿದಳು.

ಆರ್ಜೀಲಿಯಾ ಅವಳ ಲಂಗದಂಚು ಸಿಕ್ಕಷ್ಟು ಹಿಡಿದುಕೊಂಡಳು. ದನಿಯಲ್ಲಿ ಮೊದಲ ದಿನದ ಸಿಟ್ಟೇ ಇತ್ತು.

"ಗುಡಿಸ್ಕೊಂಡು ಇಲ್ಲಿಗೇ ಬಂದ್ಬಿಟ್ಯಲ್ಲ, ಹುಡುಗಿ. ಈಗ ನಿಮ್ಮನೆಗೆ ಹೆಂಗೆ ಹೋಗ್ತೀಯಾ?"