ಅಳತೆಯ ಇನ್ನೊಂದು ತುದಿ

ನಾವು ಕೊಳ್ಳಬೇಕೆಂದಿರುವ ಮನೆಯನ್ನು ಮೂರು ಸಲ ಪರೀಕ್ಷೆ ಮಾಡಿ ಬಂದಿದ್ದೆ. ಅದರ ಪಡಸಾಲೆಗೆ ಎಷ್ಟು ತೊಲೆ, ಎಷ್ಟು ಜಂತಿ ಎಂದು ಕೇಳಿದರೆ ಹೇಳಲಾರೆ. ಮೊದಲ ಸಲ ಮಂಡಕ್ಕಿಯ ಸುಸಲಾ ಕೊಟ್ಟರು, ಮೇಲೆ ಪುಟಾಣಿ ಹಿಟ್ಟು ಉದುರಿಸಿದ್ದರು. ಎರಡನೆಯ ಸಲ ಮಿರ್ಚಿ ಭಜಿ. ಮೂರನೆಯ ಸಲ ಶಾವಿಗೆಯ ಖೀರು. ಇದಿಷ್ಟನ್ನು ಯಾವ ಕೋರ್ಟಿನಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳಬಲ್ಲೆ. ಚಪ್ಪಲಿ ಕೊಳ್ಳುವಾಗ ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆದು, ತಿರುಗಿ ಮತ್ತೆ ನಾಲ್ಕು ಹೆಜ್ಜೆ ನಡೆದು ನೋಡುವ ಮನುಷ್ಯ ನಾನು. ಮನೆ ಕೊಳ್ಳುವಾಗ ಮಾತ್ರ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮನೆ ಇರುವುದು ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆಯಲ್ಲಿ. ಕಲ್ಲಿನ ಗೋಡೆ, ಚಾವಣಿಗೆ ಮಣ್ಣಿನ ಮಾಳಿಗೆ. ಮಾರುವವರು ಖಾಜಾಸಾಬ ಎಂಬ ದರ್ಜಿ; ನಮಗೆ ಚಾಚಾ. ಬಜಾರಿನ ತಮ್ಮ ಅಂಗಡಿಯ ಹಿಂದೆಯೇ ಎರಡು ಕೋಣೆ ಕಟ್ಟಿಸಿಕೊಂಡು ಚಾಚಿಯೊಂದಿಗೆ ಅಲ್ಲಿಗೆ ಹೋಗುವವರಿದ್ದರು. ನಾನು ಶಹಾಪುರದ ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ, ಹೆಂಡತಿ ಶೋಭಾ ಸುರಪುರದ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಇಸಾರವೆಂದು ಮುಂಗಡ ಕೊಟ್ಟಾಗಿತ್ತು. ಬುಧವಾರ ನೋಂದಣಿ ಎಂದು ಗೊತ್ತಾಗಿತ್ತು.

ತಿನ್ನಿಸಿದವರ ಎದುರು ಅವರ ಗೋಡೆಯನ್ನು ಬೆರಳಿಂದ ಬಡಿದು ನೋಡುವುದು ಎಷ್ಟು ಕಷ್ಟ ಎಂಬುದು ನಮ್ಮ ಕಡೆಯವರಿಗೆ ಗೊತ್ತು. ದಕ್ಷಿಣದಿಂದ ವರ್ಗವಾಗಿ ಬಂದವರು ನಮ್ಮ ಮಾತು ಬಹಳ ಒರಟು ಅನ್ನುತ್ತಾರೆ. ನಿಜ, ನಾವು ಜಗಳವನ್ನು ನೇರವಾಗಿ ಆಡುತ್ತೇವೆ. ಆದರೆ ಒಂದು ಬಟ್ಟಲು ಖೀರು ಒಳಗೆ ಹೋದ ಮೇಲೆ ಜಗಳಕ್ಕೆ ಬೇಕಾದ ನಾಲಿಗೆಯೇ ಇರುವುದಿಲ್ಲ. ಶೋಭಾ ಗೋಡೆಯ ಕಡೆ ಕಣ್ಣೆತ್ತಿದಳೋ ಇಲ್ಲವೋ, ಹುಸೇನಬಿ ಚಾಚಿ "ಇನ್ನೊಂದೀಟು ಹಾಕ್ಲೇನ್ರಿ ಟೀಚರ್" ಎಂದು ಸೌಟು ಹಿಡಿದು ಬರುತ್ತಿದ್ದರು. ಕಣ್ಣು ಮತ್ತೆ ಬಟ್ಟಲಿಗೆ ಇಳಿಯುತ್ತಿತ್ತು. ಪ್ರತಿವರ್ಷ ವಿದ್ಯಾರ್ಥಿಗಳನ್ನು ಶಿರವಾಳಕ್ಕೆ ಕರೆದೊಯ್ದು, ಅಲ್ಲಿನ ಗುಡಿಗಳ ಕೆಳಗೆ ನಿಂತು, ಕಲ್ಲು ಕಲ್ಲನ್ನು ಹೇಗೆ ಹೊರುತ್ತದೆ, ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂದು ಒಂದು ತಾಸು ಕೊರೆಯುವವನು ನಾನು. ಅಲ್ಲಿ ಯಾರೂ ಖೀರು ಕೊಡುವುದಿಲ್ಲ, ಅದಕ್ಕೇ ಇರಬೇಕು ತಲೆ ಮೇಲೇಳುತ್ತದೆ.

ಮೂರನೆಯ ಸಲ ಹೊರಡುವಾಗ, ಬಂದದ್ದಕ್ಕೆ ಏನಾದರೂ ಕೇಳಬೇಕಲ್ಲ ಎಂದು ಒಂದೇ ಒಂದು ಪ್ರಶ್ನೆ ಕೇಳಿದೆ. ಚಪ್ಪಲಿ ಮೆಟ್ಟುತ್ತ, ಚಪ್ಪಲಿಯನ್ನೇ ಕೇಳಿದಂತೆ ಕೇಳಿದೆ.

"ಮಳಿಗಾಲದಾಗ ಮಾಳಗಿ ಸೋರತದೇನ್ರಿ ಚಾಚಾ?"

"ಹುಡುಗ್ಯಾರಂಗ ನಾಚಿಕೊಂಡು ಕೇಳ್ತೀರಲ್ರಿ ಸರ್" ಎಂದು ಅವರು ನಕ್ಕರು. "ಒಂದು ಹನಿ ಬಿದ್ರ ಬಂದು ನನ್ನ ಕೇಳ್ರಿ."

ಆ ಪ್ರಶ್ನೆ ಅವರಿಗೆ ಚುಚ್ಚಿತ್ತೆಂದು ನನಗೆ ಆಗ ತಿಳಿಯಲಿಲ್ಲ. ಮಣ್ಣಿನ ಮಾಳಿಗೆಯ ಆರೈಕೆ ತಿಳಿಯದವರಿಗಾಗಿ ಒಂದು ಮಾತು: ಪ್ರತಿವರ್ಷ ಮಳೆಗೆ ಮುಂಚೆ ಮೇಲೆ ಹತ್ತಿ ಕರಲು ಮಣ್ಣು ಹರಡಿ, ತುಳಿದು, ಬಡಿದು ಗಟ್ಟಿ ಮಾಡುತ್ತಾರೆ. ನೀರು ಇಳಿಯುವುದಿಲ್ಲ. ಬುದ್ಧಿವಂತರು ಹಳೆಯದನ್ನು ಕೆತ್ತಿ ತೆಗೆದು ಹೊಸದನ್ನು ಹಾಕುತ್ತಾರೆ. ಆದರೆ ಹಳೆಯದನ್ನು ತೆಗೆಯುವ ಕೂಲಿ ಬೇರೆ, ಬೇಸರ ಬೇರೆ. ಹೀಗಾಗಿ ಎಷ್ಟೋ ಮನೆಗಳಲ್ಲಿ ಹಾಕುವುದಷ್ಟೇ ನಡೆಯುತ್ತದೆ. ಅಜ್ಜ ಹಾಕಿದ ಮಣ್ಣಿನ ಮೇಲೆ ಅಪ್ಪನದು, ಅದರ ಮೇಲೆ ಮಗನದು. ಇತಿಹಾಸದವನಾದ ನನಗೆ ಇದು ಸಂತೋಷ ಕೊಡಬೇಕಾದ ವಿಷಯವೇ. ಕೆಳಗೆ ಕುಳಿತಿರದಿದ್ದರೆ ಕೊಡುತ್ತಿತ್ತು.

ಚಾಚಾ ನನ್ನ ಪ್ರಶ್ನೆ ಕೇಳಿದ ವಾರದಲ್ಲೇ ಎರಡು ಟ್ರ್ಯಾಕ್ಟರ್ ಮಣ್ಣು ತರಿಸಿ ಮಾಳಿಗೆಗೆ ಏರಿಸಿದರು. ಮಾರಿ ಹೋಗುವ ಮನೆಗೆ ಯಾರು ಹಾಗೆ ಮಾಡುತ್ತಾರೆ? ಮುಂದೆ ಇರುವವರ ಮೇಲೆ ಹನಿ ಬೀಳಬಾರದು ಎಂಬ ಮರ್ಯಾದೆ. ಶನಿವಾರ ಸಂಜೆ ವರ್ಷದ ಮೊದಲ ದೊಡ್ಡ ಮಳೆ ಬಂತು. ಆ ಮಣ್ಣು ನೀರು ಕುಡಿಯಿತು. ಹನಿ ಮಾತ್ರ ಕೆಳಗೆ ಬೀಳಲಿಲ್ಲ.

ರವಿವಾರ ಬೆಳಿಗ್ಗೆ ನಾವು ನಾಲ್ಕನೆಯ ಸಲ ಹೋದೆವು, ಕಪಾಟು ಎಲ್ಲಿ, ಮಂಚ ಎಲ್ಲಿ ಎಂದು ಅಳೆಯಲಿಕ್ಕೆ. ಗುಂಡು ಎಸೆತ ಅಳೆಯುವ ಉದ್ದನೆಯ ಟೇಪನ್ನು ಕಾಲೇಜಿನ ಆಟದ ಕೋಣೆಯಿಂದ ಕೇಳಿ ತಂದಿದ್ದೆ. ಒಂದು ತುದಿ ಚಾಚಾನ ಕೈಯಲ್ಲಿ, ಪಡಸಾಲೆಯ ನಟ್ಟ ನಡುವೆ. ಇನ್ನೊಂದು ತುದಿ ನನ್ನ ಕೈಯಲ್ಲಿ, ತಲಬಾಗಿಲ ಬಳಿ. ಶೋಭಾ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಳು, ಚಾಚಿ ಒಳಗೆ ಒಲೆಯ ಮುಂದೆ.

ಚಾಚಾನ ಹೆಗಲ ಮೇಲೆ ಒಂದಿಷ್ಟು ಮಣ್ಣು ಜರಡಿಯಿಂದ ಇಳಿದ ಹಿಟ್ಟಿನಂತೆ ಇಳಿಯಿತು. ಅವರು ಅದನ್ನು ಸೀಮೆಸುಣ್ಣದ ಪುಡಿಯನ್ನು ಝಾಡಿಸುವ ಹಾಗೆ ಝಾಡಿಸಿಕೊಂಡರು. ಮತ್ತೊಂದಿಷ್ಟು ಇಳಿಯಿತು. ಮೇಲೆ ಎಲ್ಲೋ ಹಸಿ ಜೋಳದ ದಂಟು ಮುರಿದಂಥ ಸದ್ದು. ನಾನು ಕಿರುಚಬೇಕಿತ್ತು. ನನ್ನ ಬಾಯಿಂದ ಬಂದದ್ದು ಇದು:

"ಚಾಚಾ, ಸ್ವಲ್ಪ ಈ ಕಡಿ ಬರ್ತೀರೇನ್ರಿ?"

"ಅಳತಿ ತಪ್ಪತದ್ರಿ ಸರ್" ಅಂದರು ಅವರು. "ಮೊದಲ ಎಷ್ಟದ ಹೇಳ್ರಿ."

ಎಷ್ಟಿತ್ತೋ ನಾನು ನೋಡಲಿಲ್ಲ. ತಿರುಗಿ ಓಡಿದೆ. ಟೇಪು ಕೈಯಲ್ಲಿ ಸುತ್ತಿಕೊಂಡಿತ್ತು, ಬಿಡುವುದು ಹೊಳೆಯಲಿಲ್ಲ. ನಲವತ್ತು ವರ್ಷ ಅಳತೆ ಹಿಡಿದ ದರ್ಜಿಯ ಕೈ ಅಳತೆ ಮುಗಿಯುವ ತನಕ ತುದಿಯನ್ನು ಬಿಡುವ ಕೈಯಲ್ಲ. ನಾನು ಅಂಗಳಕ್ಕೆ ಹಾರಿದೆ, ಟೇಪಿನ ಹಿಂದೆ ಚಾಚಾ ಮುಗ್ಗರಿಸುತ್ತ ಹೊಸ್ತಿಲು ದಾಟಿ ನನ್ನ ಬೆನ್ನ ಮೇಲೆ ಬಿದ್ದರು. ಅವರ ಹಿಂದೆ ಪಡಸಾಲೆಯ ಮಾಳಿಗೆ ಬಿತ್ತು.

ಅಡಿಗೆಮನೆಗೆ ಏನೂ ಆಗಿರಲಿಲ್ಲ. ಹೆಂಗಸರಿಬ್ಬರೂ ಹಿತ್ತಲ ಬಾಗಿಲಿಂದ ಸುತ್ತಿ ಬಂದರು. ಆದರೆ ಅವರು ಬರುವ ತನಕದ ಆ ಒಂದು ನಿಮಿಷ, ಧೂಳಿನಾಚೆ ಶೋಭಾ ಇದ್ದಾಳೋ ಇಲ್ಲವೋ ತಿಳಿಯದ ನಿಮಿಷ, ಇನ್ನೂ ನನ್ನಲ್ಲಿ ಮುಗಿದಿಲ್ಲ. ಈಗ ಯಾವ ಕೋಣೆಗೆ ಹೋದರೂ ಮೊದಲು ಮೇಲೆ ನೋಡುತ್ತೇನೆ. ಪಾಠದ ನಡುವೆ ನೋಡುತ್ತೇನೆ. ಮೇಲೆ ಏನೋ ಇದೆಯೆಂದು ವಿದ್ಯಾರ್ಥಿಗಳೂ ನೋಡುತ್ತಾರೆ. ಯಾರಾದರೂ ಹೆಗಲು ಝಾಡಿಸಿಕೊಂಡರೆ ನನ್ನ ಕಾಲು ತಾನಾಗಿ ಬಾಗಿಲ ಕಡೆ ತಿರುಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ನಾನು ವೀರನಾಗಿದ್ದೆ. ಚಾಚಾ ಬಂದವರಿಗೆಲ್ಲ ಹೇಳುತ್ತಿದ್ದರು, "ಸರ್ ಟೇಪ್ ಹಿಡಿದು ಎಳದ್ರು, ಅದಕ್ಕ ಉಳದೀನಿ." ಚಾಚಿ ನನ್ನ ಕೆನ್ನೆಗೆ ಕೈ ಮುಟ್ಟಿಸಿ ತಮ್ಮ ಹಣೆಗೆ ಒತ್ತಿಕೊಂಡು, ಬೆರಳಿನ ಲಟಿಗೆ ಮುರಿದು ದೃಷ್ಟಿ ತೆಗೆದರು, ಅಷ್ಟು ಸದ್ದಿಗೂ ನಾನು ಬೆಚ್ಚಿದೆ. ಯಾದಗಿರಿಯಲ್ಲಿರುವ ನನ್ನ ಷಡ್ಡಕನಿಗೂ ಸುದ್ದಿ ಮುಟ್ಟಿ, ಹದಿನೈದು ವರ್ಷದಲ್ಲಿ ಮೊದಲ ಬಾರಿ ಅವನು ನನ್ನನ್ನು ಹೊಗಳಿದ. ಕೊನೆಗೆ ಚಾಚಾ ಹತ್ತು ಜನರ ಎದುರಿಗೆ ಅಂದರು: ಜೀವ ಉಳಿಸಿದವರಿಗೆ ಮುರಿದ ಮನೆ ಕೊಡುವುದಿಲ್ಲ, ನನ್ನ ಖರ್ಚಿನಲ್ಲೇ ಮಾಳಿಗೆ ಮಾಡಿಸಿ ಕೊಡುತ್ತೇನೆ, ಇದು ಉಪಕಾರ ತೀರಿಸುವುದು.

ಮನೆಗೆ ಬಂದ ಮೇಲೆ ಶೋಭಾ ನೀರು ಕೊಟ್ಟು ಎದುರಿಗೆ ಕುಳಿತಳು.

"ನೀವು ಎಳದ್ರೋ, ಓಡಿದ್ರೋ?"

ಅವಳು ಹೊಸ್ತಿಲಲ್ಲಿ ನಿಂತು ನೋಡಿದ್ದಳು. ಸುಳ್ಳು ಹೇಳುವಂತಿರಲಿಲ್ಲ.

"ಓಡಿದೆ."

"ಓಡಿದ್ದು ತಪ್ಪಲ್ಲ. ನಾನೂ ಹಿತ್ತಲಿಗೆ ಓಡೀನಿ. ಆದ್ರ ಸಹಿ ಮಾಡೋಕಿಂತ ಮೊದಲು ಚಾಚಾಗ ಖರೇ ಹೇಳಿ ಬರ್ರಿ. ಇಲ್ಲಾಂದ್ರ ಆ ಮಾಳಗಿ ಕೆಳಗ ದಿನಾ ಕುಂಡ್ರೋರು ನೀವ."

ಮಂಗಳವಾರ ಹೋದೆವು. ಪಡಸಾಲೆಯೊಳಗೆ ಬಿಸಿಲು ಬಿದ್ದಿತ್ತು. ಭೀಮಣ್ಣನೆಂಬ ಗೌಂಡಿ, ಊರಿನ ಅರ್ಧ ಮನೆಗಳನ್ನು ಕಟ್ಟಿದವನು, ಕೋಲಿನಿಂದ ಮಣ್ಣಿನ ಪದರುಗಳನ್ನು ಅಳೆಯುತ್ತಿದ್ದ. "ಮೊಣಕಾಲುದ್ದ ಅದರಿ ಸರ್. ಮನಿ ಮ್ಯಾಲ ಇನ್ನೊಂದು ಮನಿ ಇತ್ತು, ಬಾಗಿಲೊಂದು ಇದ್ದಿಲ್ಲ" ಎಂದು ಹೇಳಿ ಸಲಿಕೆ ತರಲು ಹೊರಗೆ ಹೋದ. ಚಾಚಾ ಒಂದು ತೊಲೆಯ ಮೇಲೆ ಕುಳಿತಿದ್ದರು. ನಾನು ನಿಂತೇ ಹೇಳಿದೆ, ಇತಿಹಾಸದ ಪಾಠದ ಹಾಗೆ, ಕಾರಣ ಮತ್ತು ಪರಿಣಾಮ ಸಮೇತ. ನಿಮ್ಮನ್ನು ಎಳೆಯಲಿಲ್ಲ. ನನ್ನ ಜೀವ ತಗೊಂಡು ಓಡಿದೆ. ಟೇಪು ಬಿಡುವುದು ಮರೆತೆ.

"ಗೊತ್ತದ್ರಿ ಸರ್" ಅಂದರು ಚಾಚಾ. "ಓಡಾಕ ತಿರುಗಿದಾಗ ನಿಮ್ಮ ಮಾರಿ ನೋಡೀನಿ. ಉಳಸೋರ ಮಾರಿ ಹಂಗ ಇರಂಗಿಲ್ಲ."

"ಮತ್ತ ಊರ ಮಂದಿಗೆ ಹಂಗ್ಯಾಕ ಹೇಳಿದ್ರಿ?"

"ಕೊಳ್ಳಾಕ ಬಂದವರು ಮನಿ ಬಿಟ್ಟು ಓಡಿದ್ರು ಅಂತ ನನ್ನ ಬಾಯಿಲೆ ಹೇಳ್ಲೇನ್ರಿ? ನೀವು ಎಳದ್ರಿ ಅಂದ್ರ ನಿಮ್ಮ ಮಾನನೂ ಉಳೀತು, ನಮ್ಮದೂ ಉಳೀತು." ಮಣ್ಣಿನ ಹೆಂಟೆಯೊಂದನ್ನು ಕೈಯಲ್ಲಿ ಪುಡಿ ಮಾಡಿದರು. "ನಂದೂ ಒಂದದ. ಮಾಳಗಿ ಭಾಳ ಒಜ್ಜಿ ಆಗ್ಯಾದ, ತೊಲಿ ಭಾರ ತಡಿಯಂಗಿಲ್ಲ, ಹಳೇ ಮಣ್ಣು ತಗೀರಿ ಅಂತ ಭೀಮಣ್ಣ ಹ್ವಾದ ವರ್ಷನ ಅಂದಿದ್ದ. ನೀವು ಸೋರತದೇನಂತ ಕೇಳಿದ್ರಿ. ಒಜ್ಜಿ ಅದೇನಂತ ಕೇಳಲಿಲ್ಲ. ನಾನೂ ಹೇಳಲಿಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಹೊಸ್ತಿಲಲ್ಲಿ ಶೋಭಾ ನಿಂತಿದ್ದ ಜಾಗವನ್ನು ನೋಡಿದಾಗ ಬಂತು ಕೂಡ. ಅದನ್ನು ಹೇಳಿದೆ. "ಆಕಿ ಅಲ್ಲೇ ನಿಂತಿದ್ಳು ಚಾಚಾ" ಅಂದೆ, ರೀ ಹಚ್ಚದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. "ನಮ್ಮಾಕಿನೂ ದಿನಾ ಅಲ್ಲೇ ಕುಂಡ್ರತಿದ್ಳು" ಅಂದರು.

ಆಮೇಲೆ ಒಂದು ವಿಚಿತ್ರ ನಡೆಯಿತು. ಚಾಚಾ ಎದ್ದು, ಕೇಳದೆಯೇ, ತಮ್ಮ ಮನೆಯ ಕುಂದುಗಳನ್ನೆಲ್ಲ ಬೆರಳು ಮಾಡಿ ತೋರಿಸಿದರು. ತಲಬಾಗಿಲ ಚೌಕಟ್ಟಿನ ಒಂದು ಕಾಲು ಗೆದ್ದಲು ತಿಂದಿದೆ. ಹಿತ್ತಲ ಮೋರಿ ಮಳೆಗಾಲದಲ್ಲಿ ಒಳಮುಖವಾಗಿ ಹರಿಯುತ್ತದೆ. ಮಲಗುವ ಕೋಣೆಯ ಮಾಳಿಗೆಯಲ್ಲೂ ಇಷ್ಟೇ ಮಣ್ಣಿದೆ. ಶೋಭಾ ಬರೆದುಕೊಂಡಳು, ಹನ್ನೊಂದಾದವು. ನಾಲ್ಕು ಸಲ ಬಂದರೂ ಕಾಣದಿದ್ದ ಮನೆ, ಅರ್ಧ ಬಿದ್ದ ಮೇಲೆ ಪೂರ್ತಿ ಕಂಡಿತು. ನೋಂದಣಿಯನ್ನು ಮುಂದೂಡಿದೆವು. ಮಣ್ಣೆಲ್ಲ ಕೆಳಗಿಳಿದು ಹೊಸ ತೊಲೆ ಕೂತ ಮೇಲೆ ಸಹಿ. ಮಾಳಿಗೆಯನ್ನು ಚಾಚಾನೇ ಮಾಡಿಸುತ್ತಾರೆ, ಆದರೆ ಉಪಕಾರ ತೀರಿಸಲಿಕ್ಕಲ್ಲ. ಭಾರ ಮುಚ್ಚಿಟ್ಟವರು ಅವರು, ಕಟ್ಟುವುದು ಅವರ ಪಾಲಿನ ಕೆಲಸವೆಂದು. ಇಷ್ಟು ನಿಚ್ಚಳವಾಗಿ ಮಾತಾಡಿಕೊಂಡ ಮೇಲೆ ನನಗೆ ಹೆಗಲು ಹಗುರಾಯಿತು. ಇನ್ನು ಈ ಮನೆಯಲ್ಲಿ ಸತ್ಯವನ್ನಷ್ಟೇ ಹೇಳಿಕೊಂಡು ಬಾಳಬಹುದು ಅನ್ನಿಸಿತು.

ಅಷ್ಟರಲ್ಲಿ ಭೀಮಣ್ಣ ಸಲಿಕೆ ಹೊತ್ತು ಇಬ್ಬರು ಆಳುಗಳೊಂದಿಗೆ ಒಳಗೆ ಬಂದ. ಆಳುಗಳಿಗೆ ನನ್ನನ್ನು ತೋರಿಸಿ, "ಇವರ ನೋಡ್ರೋ ಆ ಸರ್" ಅಂದ. ನನ್ನ ಸಣಕಲು ತೋಳನ್ನೂ ಚಾಚಾನ ದಪ್ಪ ಮೈಯನ್ನೂ ಒಮ್ಮೆ ಹೋಲಿಸಿ ನೋಡಿ ಕೇಳಿದ:

"ಇಂಥಾ ಮನಷ್ಯಾನ ಎಳದೀರಿ, ಕೈ ನೋಯ್ಲಿಲ್ಲೇನ್ರಿ ಸರ್?"

ಚಾಚಾ ನನ್ನ ಮುಖ ನೋಡಿದರು. ಶೋಭಾ ಕೈಯಲ್ಲಿದ್ದ ಪಟ್ಟಿ ನೋಡಿದಳು.

"ಸ್ವಲ್ಪ ನೋಯ್ತಪಾ" ಅಂದೆ.