ಪುಣೆಯಲ್ಲಿ ಕಟ್ಟಿಸಿಕೊಂಡ ಅರಿಷಿಣ ಕೊಂಬು

ನನ್ನ ಬಲಗಣ್ಣಿಗೆ ಪೊರೆ ಬಂದು ಎಲ್ಲಾ ಮಂಜಾಗಿತ್ತು. ಎಡಗಣ್ಣೂ ಅದೇ ಹಾದಿ ಹಿಡಿದಿತ್ತು. ಒಲೆ ಮುಂದೆ ಕೈ ಸುಟ್ಟುಕೊಂಡ ಮೇಲೆ ಮಗಳು ಶೋಭಾ ತಾನೇ ಧಾರವಾಡಕ್ಕೆ ಬಂದು ನನ್ನನ್ನು ಪುಣೆಗೆ ಕರೆದುಕೊಂಡು ಹೋದಳು. ನಮ್ಮವರು ಮೊಣಕಾಲು ನೋವು ಅಂತ ಮಗ-ಸೊಸೆ ಜೊತೆ ಊರಲ್ಲೇ ಉಳಿದರು. ಬೆಳಗಿನ ರೈಲು. ಮಿರಜ್ ದಾಟಿದ ಮೇಲೆ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಕಿಟಕಿಯಾಚೆ ಏನಿತ್ತು ಅಂತ ನನ್ನ ಕೇಳಬೇಡಿ, ಬರೀ ಬೆಳ್ಳಗೆ ಕಂಡಿತು. ಕೋಥರೂಡದ ಅವಳ ಮನೆ ಮುಟ್ಟುವಾಗ ಜಿಟಿಜಿಟಿ ಮಳೆ.

ಮರುದಿನ ತಪಾಸಣೆಗೆ ಸಿಟಿ ಬಸ್ಸಿನಲ್ಲಿ ಹೋದೆವು. ಮೆಟ್ಟಿಲು ಕಾಣದೆ ನಾನು ತಡಕಾಡಿದರೆ ಹಿಂದಿನವರು ಗೊಣಗಿದರು. ಕಂಡಕ್ಟರ್ ಮಾತ್ರ "ಸಾವಕಾಶ, ಆಜಿ" ಅಂದ. ನಾನು ಕುಂತ ಮೇಲೆಯೇ ಗಂಟೆ ಹೊಡೆದ.

ಸಂಜೆ ಅಳಿಯ ವಿಮಾನ ನಗರದ ದೊಡ್ಡ ಹೋಟೆಲಿಗೆ ಕರೆದೊಯ್ದ. ಬಾಗಿಲಲ್ಲಿ ಒಬ್ಬಳು ಕೈಮುಗಿದು ಇಂಗ್ಲಿಷಿನಲ್ಲಿ ಏನೋ ಅಂದಳು. "ನಿಮ್ಮ ಮನಿಗೆ ಬರ್ರಿ ಅಂತಾಳ" ಅಂದಳು ಶೋಭಾ. ನಮ್ಮ ಹಿಂದೆ ಬಂದವರಿಗೂ ಅದೇ ದನಿಯಲ್ಲಿ ಅದನ್ನೇ ಅಂದಳು. ಒಳಗೆ ನೀರು ಕೇಳಿ ಕೇಳಿ ಬಾಯಿ ಒಣಗಿತು.

"ಹ್ಯಾಂಗದ್ರಿ ಅತ್ತಿ?" ಅಂದ ಅಳಿಯ.

"ಊಟ ಛಲೋ ಅದ. ಆದ್ರ ಮನಿಗೆ ಬಂದವರಿಗೆ ಮೊದಲ ನೀರು ಕೊಡತಾರ" ಅಂದೆ.

ಆಪರೇಶನ್ ದಿನ ಆಸ್ಪತ್ರೆಯಲ್ಲಿ ಬಳೆ, ಬೆಂಡೋಲೆ ತೆಗೆಸಿದರು. ಮೈಮೇಲೆ ಬಂಗಾರ-ಬೆಳ್ಳಿ ಏನೂ ಇರಬಾರದು, ತಾಳಿಯನ್ನೂ ತೆಗೆಯಬೇಕು ಅಂದರು. ಮದುವೆಯಾದಾಗಿಂದ ನನ್ನ ಕೊರಳು ಬರಿದಾಗಿಲ್ಲ.

"ಅವ್ವಾ, ಜರಾ ಹೊತ್ತಿನ ಕೆಲಸ. ನನ್ನ ಕೈಯಾಗ ಕೊಡು" ಅಂದಳು ಶೋಭಾ.

"ನಿಮ್ಮಪ್ಪ ಜೀವಂತ ಇರುವಾಗ ಬೋಳು ಕೊರಳಾಗ ನಾ ಒಳಗ ಹೋಗಂಗಿಲ್ಲ. ನಡಿ ಊರಿಗೆ."

"ಕಣ್ಣು ಹೋದ್ರ?"

"ಗ್ವಾಡಿ ಹಿಡಕೊಂಡು ಅಡ್ಡಾಡತೀನಿ" ಅಂದವಳೇ ಎದ್ದು ಚಪ್ಪಲಿ ಮೆಟ್ಟಿದೆ.

ಆಗ ನರ್ಸಮ್ಮ ಒಬ್ಬಳು ಬಂದು ಪಕ್ಕಕ್ಕೆ ಕುಂತಳು. ಸೊಲ್ಲಾಪುರದಾಕಿ, ಕನ್ನಡ ಬರುತ್ತಿತ್ತು. "ಆಜಿ, ಅರಿಷಿಣ ಕೊಂಬು ಕಟ್ಟಿದ್ರ ನಡೀತದೇನ್ರಿ? ದಾರ ಆದ್ರ ನಡೀತದಂತ, ಡಾಕ್ಟರಿಗೆ ಕೇಳೀನಿ" ಅಂದಳು.

ನಮ್ಮ ಕಡೆ ತಾಳಿ ಹರಿದರೆ, ಸರಿಮಾಡಿಸುವ ತನಕ ದಾರಕ್ಕೆ ಅರಿಷಿಣ ಕೊಂಬು ಕಟ್ಟಿ ಹಾಕಿಕೊಳ್ಳುತ್ತೇವೆ. ಸಿಟ್ಟಿನಲ್ಲಿ ನನಗೇ ಅದು ಹೊಳೆದಿರಲಿಲ್ಲ.

"ಇಲ್ಲಿ ಎಲ್ಲಿ ಸಿಗಬೇಕವ್ವಾ?" ಅಂದೆ.

"ಮಾರ್ಕೆಟ್ ಯಾರ್ಡಿಗೆ ಹೋದಾಗ ತಂದು ಡ್ರಾವರಿನ್ಯಾಗ ಇಟ್ಟಿರತೀನ್ರಿ. ನಿಮ್ಮಂಥಾರು ಬರತಾರ, ಅಂಜತಾರ."

"ನಾ ಏನ್ ಅಂಜಿಲ್ಲ."

"ಹೌದ್ರಿ, ಚಪ್ಪಲಿ ಮೆಟ್ಟಿದ್ದು ನೋಡೀನಿ."

ದಾರಕ್ಕೆ ಕೊಂಬು ಕಟ್ಟಿ ತಂದಳು. ಕೊರಳ ತನಕ ಬಂದ ಕೈ ನಿಂತಿತು. "ಒಂದ ಮಾತು ಹೇಳತೀನ್ರಿ ಆಜಿ. ನಮ್ಮ ಯಜಮಾನ್ರು ತೀರಿಕೊಂಡಾರ. ನೀವು ಬ್ಯಾಡಂದ್ರ ಬ್ಯಾರೆ ಸಿಸ್ಟರನ್ನ ಕರೀತೀನಿ."

ಇಂಥ ಕೆಲಸಕ್ಕೆ ಗಂಡ ಇಲ್ಲದವರನ್ನು ನಮ್ಮಲ್ಲಿ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅದು ಆಕೆಗೂ ಗೊತ್ತು. ಹೇಳದೆ ಕಟ್ಟಿದ್ದರೆ ನನ್ನ ಕುರುಡುಗಣ್ಣಿಗೆ ಏನು ತಿಳಿಯುತ್ತಿತ್ತು? ಊರಲ್ಲಾಗಿದ್ದರೆ ಬೇಡ ಅನ್ನುತ್ತಿದ್ದೆನೋ ಏನೋ. ಆದರೆ ನಾನು ಯಾರೆಂದು ತಿಳಿಯುವ ಮೊದಲೇ ನನಗಾಗಿ ಕೊಂಬು ತಂದಿಟ್ಟವಳು ಅವಳು.

"ತಂದಿಟ್ಟಾಕಿ ನೀನು, ಕಟ್ಟಾಕಿನೂ ನೀನ. ಕಟ್ಟು" ಅಂದೆ.

ಕಟ್ಟಿದಳು. ತಾಳಿ ಬಿಚ್ಚಿ ಶೋಭಾಳ ಕೈಗೆ ಕೊಟ್ಟು ಒಳಗೆ ಹೋದೆ.

ಮರುದಿನ ಪಟ್ಟಿ ಬಿಚ್ಚಿದಾಗ ಎದುರಿಗೆ ಅವಳೇ ಇದ್ದಳು. ನಾನು ಅಂದುಕೊಂಡಿದ್ದಕ್ಕಿಂತ ಸಣ್ಣ ವಯಸ್ಸು, ಕಣ್ಣ ಕೆಳಗೆ ಕಪ್ಪು. ಕೈ ಹಿಡಿದು "ಧಾರವಾಡಕ್ಕ ಊಟಕ್ಕ ಬಾರವ್ವಾ" ಅಂದೆ. ಬಾಯಿಮಾತಿಗೆ ಕರೆಯಲಿಲ್ಲ.

ವಾರದ ಮೇಲೆ ಊರಿಗೆ ಬಂದೆ. ಈ ಸಲ ಕಿಟಕಿಯಾಚೆ ಕಬ್ಬು, ಕೆರೆ, ತಂತಿ ಮೇಲಿನ ಹಕ್ಕಿ ಎಲ್ಲಾ ಕಂಡವು. ಮನೆಯಲ್ಲಿ ಚಹಾ ಕೊಡುತ್ತ ನಮ್ಮವರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಚಹಾದ ಕಪ್ಪು ಕೆಳಗಿಟ್ಟರು.

"ಆಕೀ ಕೈಲೆ ಕಟ್ಟಿಸಿಕೊಂಡಿ?"

ಅವರ ಗದ್ದದಲ್ಲಿ ಕ್ಷೌರ ತಪ್ಪಿದ ಬಿಳಿ ಕೂದಲು ಒಂದೊಂದೂ ಕಾಣುತ್ತಿತ್ತು.

"ಹೌದು. ನೀವು ಗಟ್ಟಿಮುಟ್ಟ ಕುಂತೀರಲ್ಲ, ಚಹಾ ಕುಡೀರಿ" ಅಂದೆ.