ಹತ್ತು ಕನೆಕ್ಷನ್, ಒಂದು ಹರಕೆಯಾಟ

ಕಳೆದ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಒಂದು ವೆಬ್‌ಸೈಟ್ ಮಲಗಿತು. ಬರೆದವನು ನಾನೇ. ಮಲಗಿಸಿದವರು ನನ್ನದೇ ನೆಂಟರು.

(ವಾರಕ್ಕೊಂದು ಅಂಕಣದಿಂದ ಹೊಟ್ಟೆ ತುಂಬದು ಸ್ವಾಮಿ. ಕೋಟದಲ್ಲಿ ಕೂತು ಪ್ರೋಗ್ರಾಮನ್ನೂ ಬರೆಯುತ್ತೇನೆ.)

ಯಕ್ಷಗಾನ ಮೇಳವೊಂದರ ಹರಕೆಯಾಟಕ್ಕೆ ದಿನ ಬುಕ್ ಮಾಡುವ ಸೈಟ್ ಅದು. ಗುಲ್ವಾಡಿಯ ನನ್ನ ಚಿಕ್ಕಮ್ಮನಿಗೂ ಒಂದು ದಿನ ಬೇಕಿತ್ತು. ಗಾಳಿಗೆ ಸಿಕ್ಕ ಚಿಕ್ಕಪ್ಪನ ದೋಣಿ ದಡ ಸೇರಿದರೆ ಆಟ ಆಡಿಸುತ್ತೇನೆಂದು ಹರಕೆ ಹೊತ್ತು ಮೂರು ವರ್ಷವಾಗಿತ್ತು. ದೋಣಿ ಬಂತು, ದಿನ ಸಿಗಲಿಲ್ಲ. ಈ ಸಲ ಕೊಡಿಸಿಯೇ ಸಿದ್ಧ ಎಂದು ಮಾತು ಕೊಟ್ಟಿದ್ದೆ.

ಹೇಗೆ? ನಮ್ಮವರೆಲ್ಲ ಮಾಡುವ ಹಾಗೆಯೇ. ಸೋಮವಾರ ಹತ್ತಕ್ಕೆ ಬುಕಿಂಗ್ ತೆರೆದ ಕೂಡಲೇ ಚಿಕ್ಕಮ್ಮನ ನಂಬರ್ ಕೊಟ್ಟು ಎಲ್ಲರೂ ಒಟ್ಟಿಗೆ ಒತ್ತಿ, ಯಾರಿಗಾದರೂ ಸಿಗಲಿ ಎಂದು ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದೆ. ಬೈಂದೂರಿನ ಅಕ್ಕನಿಂದ ಬ್ರಹ್ಮಾವರದ ಭಾವನವರೆಗೆ ಹತ್ತು ಜನ ಒತ್ತಿದರು.

ಇಲ್ಲೊಂದು ತಾಂತ್ರಿಕ ವಿಷಯ. ಓಡಬೇಡಿ. ಬಂದವರಿಗೆಲ್ಲ ಸರ್ವರ್ ಒಂದೊಂದು ಥ್ರೆಡ್ ಕೊಡುತ್ತದೆ, ಅಂದರೆ ಒಬ್ಬೊಬ್ಬರ ಕೆಲಸಕ್ಕೆ ಒಂದೊಂದು ಆಳು. ಆದರೆ ದಿನಗಳ ಪಟ್ಟಿಯಿರುವ ಡೇಟಾಬೇಸಿಗೆ ಹೋಗಲು ಕನೆಕ್ಷನ್ ಇದ್ದದ್ದು ಹತ್ತೇ. ತೆಗೆದುಕೊಂಡವರು ಕೆಲಸ ಮುಗಿದ ಕೂಡಲೇ ಬಿಟ್ಟುಕೊಡಬೇಕು. ಬುದ್ಧಿವಂತನಾದ ನಾನೋ, ಒಟಿಪಿ ಹಾಕಿ ಖಾತ್ರಿಯಾಗುವವರೆಗೂ ಹಿಡಿದುಕೊಂಡೇ ಇರಿ ಎಂದು ಬರೆದಿದ್ದೆ. ಎಷ್ಟು ಹೊತ್ತು? ಅದಕ್ಕೆ ಮಿತಿಯನ್ನೇ ಹಾಕಿರಲಿಲ್ಲ.

ಚಿಕ್ಕಮ್ಮನ ಮೊಬೈಲಿಗೆ ಸಾಲಾಗಿ ಹತ್ತು ಒಟಿಪಿ ಬಂದವು. ಫೋನ್ ಮಾಡಿ ಕೇಳಿದೆ.

“ಯಾರ್ ಕೇಂಡ್ರೂ ಹೇಳುಕಾಗ ಅಂದಿದ್ ನೀನೇ ಅಲ್ದಾ? ನಿಂಗೂ ಹೇಳೂದಿಲ್ಲ.”

ಇಷ್ಟೊಂದು ಒಟಿಪಿ ಒಟ್ಟಿಗೆ ಬಂದರೆ ಕಳ್ಳರದ್ದೇ ಕೆಲಸವಿರಬೇಕೆಂದು ಆಮೇಲೆ ಫೋನನ್ನೇ ಆಫ್ ಮಾಡಿದಳು.

ಹತ್ತೂ ಕನೆಕ್ಷನ್ ನಮ್ಮ ಕೈಯಲ್ಲಿ. ಊರಿಡೀ ಭಕ್ತರಿಗೆ ತಿರುಗುವ ಚಕ್ರದ ದರ್ಶನ. ಮೇಳದವರು ಕೇಳಿದಾಗ ಸರ್ವರ್ ಬ್ಯುಸಿ ಎಂದೆ. (ನಮ್ಮ ಕಸುಬಿನಲ್ಲಿ ಇದಕ್ಕೆ ವಿವರಣೆ ಎನ್ನುತ್ತಾರೆ.) ಕೊನೆಗೆ ರೀಸ್ಟಾರ್ಟ್ ಮಾಡಿದೆ. ಹಿಡಿತ ಬಿಟ್ಟಿತು, ಹೊರಗೆ ಕಾದಿದ್ದವರು ನುಗ್ಗಿದರು, ನೋಡುನೋಡುತ್ತಲೇ ಎಲ್ಲ ದಿನವೂ ಭರ್ತಿ. ಚಿಕ್ಕಮ್ಮನ ಫೋನ್ ಇನ್ನೂ ಆಫ್.

ಮಧ್ಯಾಹ್ನ ಗುಲ್ವಾಡಿಗೆ ಹೋಗಿ ತಪ್ಪೊಪ್ಪಿಕೊಂಡೆ. ಮುಖ ತೋರಿಸಲು ನಾಚಿಕೆಯಾಗಿತ್ತು. ಥ್ರೆಡ್ಡು, ಕನೆಕ್ಷನ್ನು, ಎಲ್ಲ ಬಿಡಿಸಿ ಹೇಳಿದೆ. ಮೂರು ವರ್ಷದಿಂದ ಕಾಯುತ್ತಿರುವ ಹೆಂಗಸು ಬೈಯಲಿಲ್ಲ. ಇಷ್ಟೇ ಕೇಳಿದಳು:

“ಕಾಯೂದಾರೆ ಬದಿಗ್ ಕೂಕಂಡ್ ಕಾಯೂಕಾತಿಲ್ಯಾ ಮಗಾ? ಬಾಗ್ಲಿಗ್ ಅಡ್ಡ ಎಂತಕ್ ಕೂಕಂಡದ್?”